ಅಕ್ಕೋರ ಬಸ್ ಪರೀಕ್ಷೆ

ಅಕ್ಕೋರಿಗೆ ಈ ವರ್ಷ ಎಪ್ಪತ್ತು ತುಂಬುತ್ತದಂತೆ. ಅಭಿನಂದನ ಗ್ರಂಥ ತರುತ್ತಿದ್ದೇವೆ, ಎರಡು ಪುಟ ಬರೆದುಕೊಡಬೇಕು ಎಂದು ಕೇಳಲು ಈ ತೆಲುಗು ಊರಿನ ಕನ್ನಡ ಸಂಘದ ಇಬ್ಬರು ಕೂಕಟ್‌ಪಲ್ಲಿಯ ನಮ್ಮ ಮನೆಗೆ ಬಂದಿದ್ದರು. ಇಬ್ಬರೂ ಮೈಸೂರಿನ ಕಡೆಯವರು, ಊರಿಗೆ ಹೊಸಬರು. ನನ್ನ ಸ್ವಭಾವದ ಬಗ್ಗೆ ಅವರಿಗೆ ಯಾರೂ ಎಚ್ಚರಿಕೆ ಕೊಟ್ಟಿರಲಿಲ್ಲ. ನಾನು ಚಹಾ ಕೊಟ್ಟೆ, ಚೂಡಾ ಕೊಟ್ಟೆ, ಆಗಲಿ ಎಂದೆ. ಹೊರಡುವಾಗ ಅವರಲ್ಲೊಬ್ಬರು, “ಪ್ರೀತಿಯಿಂದ ಬರೀರಿ ಸಾರ್. ನಿಮ್ಮ ಮಗಳೇ ಅವರ ಎಲ್ಲಕ್ಕಿಂತ ದೊಡ್ಡ ಸಕ್ಸೆಸ್ ಅಂತೆ. ಅವಳು ಬಸ್ಸಲ್ಲಿ ಕೂತಿರೋ ಫೋಟೊನ ಮುಖಪುಟಕ್ಕೆ ಹಾಕೋಣ ಅಂತಿದೀವಿ, ನಿಮ್ಮ ಒಪ್ಪಿಗೆ ಬೇಕು” ಎಂದರು. ಒಪ್ಪಿಗೆ ಕೊಡಬೇಕಾದವಳು ಮಗಳು, ಕೇಳಿ ಹೇಳುತ್ತೇನೆ ಎಂದೆ. ಬಾಗಿಲು ಹಾಕಿಕೊಂಡು ಬಂದವನೇ ಖುಷಿಯಿಂದ ಕಾಗದ, ಪೆನ್ನು ತೆಗೆದುಕೊಂಡು ಕೂತೆ. ಏಳು ವರ್ಷ ಕಾದಿದ್ದೆ.

ನಾನು ಸಿಟ್ಟನ್ನು ಬೇಗ ಬಿಡುವವನಲ್ಲ. ಕೆಳಗಿನ ಫ್ಲ್ಯಾಟಿನವರು ನಾನು ಊರಲ್ಲಿ ಇಲ್ಲದಾಗ ನಮ್ಮ ಕರಿಬೇವಿನ ಗಿಡ ಕಡಿಸಿದರೆಂದು ಹದಿನೈದು ಯುಗಾದಿಗಳಿಂದ ಅವರ ಮನೆಯ ಬೇವುಬೆಲ್ಲದ ಪಚ್ಚಡಿ ಮುಟ್ಟಿಲ್ಲ. ಅವರು ಪ್ರತಿ ವರ್ಷ ಕಳಿಸುತ್ತಾರೆ, ನಾನು ಪ್ರತಿ ವರ್ಷ ವಾಪಸು ಕಳಿಸುತ್ತೇನೆ. ಒಂದು ಗಿಡಕ್ಕೆ ಇಷ್ಟು ಮಾಡುವವನು ಒಬ್ಬಳೇ ಮಗಳಿಗಾಗಿ ಎಷ್ಟು ಮಾಡಬೇಕು? ಅಕ್ಕೋರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದು ಮುಖಪುಟದಲ್ಲಿ ಹೇಗೂ ದಪ್ಪಕ್ಷರದಲ್ಲಿ ಇರುತ್ತದೆ, ನನ್ನ ಕೈಯಿಂದ ಬೇರೆ ಬರುವುದು ಬೇಡ. ನಮ್ಮ ಕಡೆ ಕಲಿಸುವ ಹೆಂಗಸರನ್ನು ಅಕ್ಕೋರು ಅನ್ನುತ್ತಾರೆ, ಅಷ್ಟು ಮರ್ಯಾದೆ ಸಾಕು.

ಬಿಜಾಪುರದ ಕಡೆಯವರು. ಕೋಲಿನಂಥ ದೇಹ, ಗಂಜಿ ಹಾಕಿದ ಕಾಟನ್ ಸೀರೆ, ಕೊರಳಲ್ಲಿ ಮಂಗಳಸೂತ್ರ ಇರಬೇಕಾದಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಒಂದು ಸ್ಟಾಪ್‌ವಾಚು. ಮದುವೆಯಾಗಿರಲಿಲ್ಲ. ಕೂಕಟ್‌ಪಲ್ಲಿಯಲ್ಲಿ ಹಿಟ್ಟಿನ ಗಿರಣಿಯ ಮೇಲಿನ ಎರಡು ಖೋಲಿಗಳಲ್ಲಿ ಅವರ ಶಾಲೆ. ಆಟಿಸಂ ಇರುವ ಮಕ್ಕಳಿಗೆ ಅಲ್ಲಿ ದಿನಕ್ಕೆ ಒಂದು ತಾಸಿನ ಪಾಠ, ವಾರಕ್ಕೆ ಮೂರು ದಿನ. ಒಂದು ನಿಮಿಷ ತಡವಾಗಿ ಬಂದವರಲ್ಲ, ಒಂದು ನಿಮಿಷ ಬೇಗ ಬಿಟ್ಟವರೂ ಅಲ್ಲ. ತಾಯಂದಿರು ಮಾವಿನಹಣ್ಣು ತಂದರೆ ಮುಟ್ಟುತ್ತಿರಲಿಲ್ಲ, ಬಾಗಿಲ ಹೊರಗೆ ಇಡಿಸಿ ಪಾಠ ಮುಗಿದ ಮೇಲೆ ಅದೇ ತಾಯಿಯ ಕೈಯಲ್ಲಿ ವಾಪಸು ಕಳಿಸುತ್ತಿದ್ದರು. ಮಾತಾಡುವ ಮೊದಲು ಸೆರಗನ್ನು ಸೊಂಟಕ್ಕೆ ಸಿಕ್ಕಿಸುವುದು ಅವರ ಅಭ್ಯಾಸ. ಸೆರಗು ಸಿಕ್ಕಿಸಿದರೆಂದರೆ ನಾವು ತಂದೆತಾಯಿಗಳು ನೆಟ್ಟಗೆ ಕೂರುತ್ತಿದ್ದೆವು.

ನಮ್ಮ ನಂದಾ ಅಲ್ಲಿಗೆ ಹೋದಾಗ ಅವಳಿಗೆ ಆರು ವರ್ಷ. ಅಷ್ಟರಲ್ಲಿ ನಾಲ್ಕು ಶಾಲೆಗಳು ಅವಳನ್ನು ಬೇಡ ಎಂದಿದ್ದವು. ಮಾತು ಕಡಿಮೆ. ಖುಷಿಯಾದರೆ ಎರಡೂ ಕೈಯನ್ನು ಭುಜದ ಹತ್ತಿರ ಎತ್ತಿ ಪಟಪಟ ಆಡಿಸುವಳು. ದಿನವಿಡೀ ಒಂದೇ ಸ್ವರದಲ್ಲಿ ‘ಊಂ’ ಎನ್ನುವಳು. ನನಗೆ ಅದು ಫ್ರಿಜ್ಜಿನ ಸದ್ದಿನ ಹಾಗೆ ಕೇಳುತ್ತಿತ್ತು, ನನ್ನ ಹೆಂಡತಿಗೆ ಮಾತ್ರ ಅದರಲ್ಲಿ ಬೇರೆ ಬೇರೆ ಕೇಳುತ್ತಿತ್ತು. ಅಡಿಗೆಮನೆಯಲ್ಲಿ ನಿಂತೇ, “ಹಸದಾಳ”, “ಕಿವಿ ನೋಯಾಕತ್ತೈತಿ ಅಕಿಗೆ”, “ಈಗ ಆರಾಮ ಅದಾಳ” ಎಂದು ಹೇಳಿಬಿಡುತ್ತಿದ್ದಳು, ಹೆಚ್ಚಾಗಿ ಸರಿಯಿರುತ್ತಿತ್ತು. ಡಾಕ್ಟರು ಕಾಗದದ ಮೇಲೆ ಡಿಸಾರ್ಡರ್ ಎಂದು ಬರೆದುಕೊಟ್ಟಿದ್ದರು. ನಾನು ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವವನು. ಅಲ್ಲಿ ಒಂದು ಡಬ್ಬಿ ಮಾತ್ರೆಯ ಬಣ್ಣ ಬೇರೆ ಕಂಡರೆ ಮೊದಲು ಹಳದಿ ಚೀಟಿ ಅಂಟಿಸಿ ಪಕ್ಕಕ್ಕಿಡುತ್ತೇವೆ. ಬೇರೆ ಇದೆ ಎಂದಷ್ಟೇ ಅದರ ಅರ್ಥ. ಕೆಟ್ಟಿದೆ ಎಂದು ಕೆಂಪು ಚೀಟಿ ಹಚ್ಚಬೇಕಾದರೆ ಹತ್ತು ಪರೀಕ್ಷೆ ಆಗಬೇಕು, ಮೂವರು ಸಹಿ ಹಾಕಬೇಕು. ಕಾರ್ಖಾನೆಯಲ್ಲಿ ಇಷ್ಟು ಹುಷಾರಾಗಿದ್ದ ನಾನು ಮನೆಯಲ್ಲಿ ಮೊದಲ ದಿನವೇ ಕೆಂಪು ಚೀಟಿಗೆ ಸಹಿ ಹಾಕಿಬಿಟ್ಟೆ.

ಅಕ್ಕೋರು ನಂದಾಳನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು. ಅವಳು ಬಂದವಳೇ ನೆಲಕ್ಕೆ ಕೆನ್ನೆ ಹಚ್ಚಿ ಮಲಗಿದ್ದಳು. ಕೆಳಗೆ ಗಿರಣಿ ತಿರುಗಿದರೆ ಆ ನೆಲ ಜುಂ ಎನ್ನುತ್ತಿತ್ತು, ಅದು ಅವಳಿಗೆ ಹಿತವಾಗಿತ್ತು. ಅಕ್ಕೋರು ಸೆರಗು ಸಿಕ್ಕಿಸಿದರು. “ಬಿಟ್ಟು ಹೋಗ್ರಿ ಸಾಹೇಬ್ರ. ಐದು ವರ್ಷ ಕೊಡ್ರಿ ನಂಗ. ಬಸ್ಸಿನ್ಯಾಗ ಕುಂತ್ರ ಪಕ್ಕದಾಗ ಕುಂತಾಕಿಗೂ ಗೊತ್ತಾಗಬಾರದು, ಹಂಗ ಮಾಡಿ ಕೊಡ್ತೀನಿ.” ನಾಲ್ಕು ಶಾಲೆಗಳ ಬಾಗಿಲು ಮುಚ್ಚಿಸಿಕೊಂಡು ಬಂದವನಿಗೆ ಆ ಮಾತು ಹೇಗೆ ಕೇಳಿಸಿರಬೇಡ! ಮೆಟ್ಟಿಲು ಇಳಿಯುವಾಗ ನಾನು ಅತ್ತಿದ್ದೆ.

ಅವರ ವಿಧಾನ ಸರಳವಾಗಿತ್ತು. ಗೋಡೆಗೆ ಒತ್ತಿ ಕುರ್ಚಿ, ಅದರ ಮುಂದೆ ಹೊಟ್ಟೆಯಷ್ಟು ಕೊರೆದ ಮೇಜು. ಮಗು ಒಮ್ಮೆ ಕೂತರೆ ತಾನಾಗಿ ಏಳುವಂತಿಲ್ಲ. ಅಕ್ಕೋರು ಎರಡು ಬೆರಳನ್ನು ತಮ್ಮ ಹುಬ್ಬಿನ ನಡುವೆ ಇಟ್ಟು “ಕಣ್ಣು ಇಲ್ಲೆ” ಅನ್ನುವರು. ನೋಡಿದರೆ ಒಂದು ಪುಠಾಣಿ ಕಾಳು. ಸ್ಟಾಪ್‌ವಾಚಿನಲ್ಲಿ ಐದು ಸೆಕೆಂಡು ನೋಡಿದರೆ ಎರಡು. ಕೈ ಮೇಲೆದ್ದರೆ “ಕೈ ಕೆಳಗ”. ‘ಊಂ’ ಬಂದರೆ ತುಟಿಯ ಮೇಲೆ ಬೆರಳು. ಒಂದೇ ಒಂದು ದಿನ ಕೈ ಎತ್ತಿ ಹೊಡೆದವರಲ್ಲ, ದನಿ ಏರಿಸಿದವರಲ್ಲ. ಹೊಡೆದಿದ್ದರೆ ನನ್ನ ಇವತ್ತಿನ ಕೆಲಸ ಸುಲಭವಾಗುತ್ತಿತ್ತು. ಕೈ ಸುಮ್ಮನಿಡದ ಮಗುವಿನ ಕೈಗಳನ್ನು ಅದರದೇ ತೊಡೆಯ ಕೆಳಗೆ ಇಡಿಸಿ, “ಶಾಣ್ಯಾ” ಎಂದು ತಲೆ ಸವರುತ್ತಿದ್ದರು. ಮನೆಯಲ್ಲೂ ಅಭ್ಯಾಸ ನಡೆಯಬೇಕಲ್ಲ, ನಡೆಯಿತು.

ಇನ್ನು ಆ ಪ್ರಸಿದ್ಧ ಬಸ್ ಪರೀಕ್ಷೆ. ಮಗು ತಯಾರಾಯಿತು ಎನ್ನಿಸಿದ ದಿನ ಅಕ್ಕೋರು ಅದನ್ನು ಕೂಕಟ್‌ಪಲ್ಲಿಯಲ್ಲಿ ಸಿಟಿ ಬಸ್ಸು ಹತ್ತಿಸಿ, ಪಟಾನ್‌ಚೆರುವಿನವರೆಗೆ ಕರೆದೊಯ್ಯುತ್ತಿದ್ದರು. ಮಗು ಅಪರಿಚಿತರ ಪಕ್ಕ ಒಂಟಿಯಾಗಿ ಕೂರಬೇಕು. ಅಕ್ಕೋರು ಎರಡು ಸೀಟು ಹಿಂದೆ, ಪರಿಚಯವೇ ಇಲ್ಲದವರ ಹಾಗೆ. ತಂದೆತಾಯಿ ಕೊನೆಯ ಸೀಟಿನಲ್ಲಿ. ಯಾರಾದರೂ ಮಗುವನ್ನು ತಿರುಗಿ ನೋಡಿದರೆ ಫೇಲು. ಎಷ್ಟು ಜನ ತಿರುಗಿದರು ಎಂಬುದನ್ನು ಅವರು ಬೆರಳಿನ ಗಂಟುಗಳಲ್ಲಿ ಎಣಿಸುತ್ತಿದ್ದರು. ಬೇರೆ ಲೆಕ್ಕ, ಬೇರೆ ಅಂಕ ಯಾವುದೂ ಇಲ್ಲ. ಮಗುವಿಗೆ ಓದು ಬಂತೇ, ಬಾಯಾರಿದರೆ ನೀರು ಕೇಳುತ್ತದೆಯೇ ಎಂಬುದು ಆ ಪರೀಕ್ಷೆಯಲ್ಲಿ ಇರಲಿಲ್ಲ.

ನಂದಾಳ ಪರೀಕ್ಷೆ ಅವಳ ಹನ್ನೊಂದನೆಯ ವರ್ಷದಲ್ಲಾಯಿತು. ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲ, ರಸ್ತೆ ತುಂಬ ಧೂಳು, ಹಾರ್ನು. ಹಾರ್ನಿಗೆ ಕಿವಿ ಮುಚ್ಚಿಕೊಂಡು ಚೀರುತ್ತಿದ್ದ ಮಗು ಅವತ್ತು ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಮುಂದೆ ನೋಡುತ್ತ ಕೂತಿತ್ತು. ಕಂಡಕ್ಟರಮ್ಮ ಟಿಕೆಟ್ ಕೇಳಿದಾಗ ನಂದಾ ಆಕೆಯ ಮುಖ ನೋಡಿ, ತೆಲುಗಿನಲ್ಲೇ “ಒಕ ಪಟಾನ್‌ಚೆರು” ಅಂದಳು. ಪಕ್ಕದ ಹೆಂಗಸು ಪೂರ್ತಿ ದಾರಿ ಫೋನಿನಲ್ಲಿ ತನ್ನ ನಾದಿನಿಯನ್ನು ಬೈಯುತ್ತಿದ್ದಳು, ಒಮ್ಮೆಯೂ ತಿರುಗಲಿಲ್ಲ. ಇಳಿದ ಮೇಲೆ ಅಕ್ಕೋರು ಮುಷ್ಟಿ ತೋರಿಸಿದರು, ಒಂದು ಗಂಟೂ ಎಣಿಸಿರಲಿಲ್ಲ. ಇಳಿಯುವ ಮೊದಲು ನಾನು ಮುಂದೆ ಹೋಗಿ ಬಸ್ಸಿನಲ್ಲಿ ತೆಗೆದ ಅವಳ ನಗುಮುಖದ ಫೋಟೊ ಅವರ ಖೋಲಿಯ ಗೋಡೆಗೇರಿತು. ನಮ್ಮ ಬಿಲ್ಡಿಂಗಿಗೆಲ್ಲ ನಾನು ಧಾರವಾಡ ಪೇಢೆ ಹಂಚಿದೆ, ಕೆಳಗಿನ ಫ್ಲ್ಯಾಟೊಂದನ್ನು ಬಿಟ್ಟು. ಅವತ್ತು ಸಂಜೆ ನನ್ನ ಹೆಂಡತಿ ಪೇಢೆ ಕೈಯಲ್ಲಿ ಹಿಡಿದುಕೊಂಡೇ, “ಮನಿ ಸುಮ್ಮಗಾತಲ್ರಿ” ಎಂದಳು. ನಾನು ಅದನ್ನು ಹೊಗಳಿಕೆ ಎಂದು ತಿಳಿದೆ.

ಆಮೇಲೆ ನಂದಾ ಸಾಮಾನ್ಯ ಶಾಲೆಗೆ ಹೋದಳು, ಪಾಸಾದಳು, ಕಾಲೇಜಿಗೆ ಸೇರಿದಳು. ಮಾತು ಚೆನ್ನಾಗಿ ಬಂತು. ಮನೆಗೆ ಬಂದರೆ ಖೋಲಿಯ ಬಾಗಿಲು ಹಾಕಿಕೊಂಡು ಎರಡು ತಾಸು ಗೋಡೆಗೆ ಬೆನ್ನು ಕೊಟ್ಟು ಕೂರುವಳು. ಓದಿ ದಣಿದಿದ್ದಾಳೆ ಅಂದುಕೊಳ್ಳುತ್ತಿದ್ದೆವು.

ಹದಿನೇಳನೆಯ ವರ್ಷದಲ್ಲಿ ಒಂದು ದಿನ ಬೆಳಿಗ್ಗೆ ಉಪ್ಪಿಟ್ಟು ಅರ್ಧ ತಿಂದು ಎದ್ದಳು. ನಾನೇ ಬಸ್ಸು ಹತ್ತಿಸಿ ಬಂದೆ. ಕಾಲೇಜಿಗೆ ಮುಕ್ಕಾಲು ತಾಸಿನ ದಾರಿ, ನಿಂತೇ ಹೋಗಿದ್ದಾಳೆ. ನಾಲ್ಕು ತರಗತಿಗಳಲ್ಲಿ ಕೂತಿದ್ದಾಳೆ. ಮಧ್ಯಾಹ್ನ ಲ್ಯಾಬಿನಲ್ಲಿ ಬೀಕರು ಕೈಯಲ್ಲಿ ಹಿಡಿದುಕೊಂಡೇ ನೆಲಕ್ಕೆ ಬಿದ್ದಿದ್ದಾಳೆ. ಅಪೆಂಡಿಕ್ಸ್ ಒಡೆದು ಕೀವು ಹೊಟ್ಟೆಯೆಲ್ಲ ಹರಡಿತ್ತು. ಆಪರೇಷನ್ ಮುಗಿಸಿ ಬಂದ ಸರ್ಜನ್, “ಇಂತ ನೊಪ್ಪಿ ಎಲಾ ಓರ್ಚುಕುಂದಿ ಸಾರ್ ಈ ಅಮ್ಮಾಯಿ?” ಎಂದರು. ಇಷ್ಟು ನೋವು ಈ ಹುಡುಗಿ ಹೇಗೆ ತಡಕೊಂಡಳು ಎಂದು. ದೊಡ್ಡ ಗಂಡಸರೂ ಇದಕ್ಕೆ ನೆಲದ ಮೇಲೆ ಹೊರಳಾಡಿ ಚೀರುತ್ತಾರಂತೆ. ಮೂರು ದಿನ ಅವಳು ಉಳಿಯುತ್ತಾಳೋ ಇಲ್ಲವೋ ಹೇಳಲಾಗುವುದಿಲ್ಲ ಎಂದರು.

ನಾಲ್ಕನೆಯ ದಿನ ಕಣ್ಣು ಬಿಟ್ಟಳು. ಯಾಕವ್ವಾ, ಯಾರಿಗರ ಒಬ್ಬರಿಗೆ ಹೇಳಬಾರದಿತ್ತೇನು ಎಂದು ಕೇಳಿದೆ. ಅವಳು ಒಣಗಿದ ತುಟಿಯಲ್ಲೇ ಹೇಳಿದಳು, “ಬಸ್ಸಿನ್ಯಾಗ ಇದ್ದೆ.”

ನನ್ನ ಸಿಟ್ಟು ಹುಟ್ಟಿದ್ದು ಅಲ್ಲಿ. ಸುದ್ದಿ ತಿಳಿದ ದಿನವೇ ಅಕ್ಕೋರು ಫ್ಲಾಸ್ಕಿನಲ್ಲಿ ಗಂಜಿ ತಂದಿದ್ದರು. ವಾರ್ಡಿನ ಬಾಗಿಲಲ್ಲೇ ನಿಲ್ಲಿಸಿ ವಾಪಸು ಕಳಿಸಿದೆ. ಮರುದಿನ ಮತ್ತೆ ಬಂದರು. ಒಳಗೆ ಬಿಡುವುದಿಲ್ಲ ಎಂದು ಗೊತ್ತಾದ ಮೇಲೆ ಕೆಳಗೆ ಬಿಲ್ಲು ಕಟ್ಟುವ ಕಿಟಕಿಯ ಎದುರಿನ ಕುರ್ಚಿಯಲ್ಲಿ ದಿನಾ ಮಧ್ಯಾಹ್ನ ಕೂತಿರುತ್ತಿದ್ದರು, ಫ್ಲಾಸ್ಕು ತೊಡೆಯ ಮೇಲೆ. ನಾಟಕ ಎಂದುಕೊಂಡೆ. ನಂದಾ ಕಣ್ಣು ಬಿಟ್ಟ ದಿನ ನಾನೇ ಕೆಳಗೆ ಇಳಿದು ಹೋಗಿ ಎಲ್ಲರ ಎದುರಿಗೆ ಹೇಳಿದೆ. “ನೀವು ಕಲಿಸಿದ್ದು ಭಾಳ ಚಲೋ ಕಲ್ತಾಳ ಅಕ್ಕೋರ. ಸಾಯಾಕ ಬಿದ್ದರೂ ಮಂದಿಗೆ ಗೊತ್ತಾಗದಂಗ ಕಲ್ತಾಳ.”

ಅವರು ಸೆರಗು ಸಿಕ್ಕಿಸಲು ಹೋದವರು ಅರ್ಧಕ್ಕೇ ಬಿಟ್ಟರು. ಏನೋ ಹೇಳಲು ಬಾಯಿ ತೆರೆದರು. ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. “ಹೌದ್ರಿ” ಎಂದಷ್ಟೇ ಹೇಳಿ, ಫ್ಲಾಸ್ಕು ಎತ್ತಿಕೊಂಡು ಹೊರಟುಹೋದರು. ಆ ‘ಹೌದ್ರಿ’ಯ ಸೊಕ್ಕಿಗೆ ನಾನು ಏಳು ವರ್ಷ ಉರಿದಿದ್ದೇನೆ. ತಪ್ಪಾಯಿತು ಎನ್ನಲಿಲ್ಲ, ಅಳಲಿಲ್ಲ, ವಾದ ಕೂಡ ಮಾಡಲಿಲ್ಲ.

ಆಮೇಲೆ ನಾನು ಸುಮ್ಮನೆ ಕೂರಲಿಲ್ಲ. ಗಿರಣಿಯ ಮೆಟ್ಟಿಲ ಹತ್ತಿರ ನಿಂತು, ಹೊಸದಾಗಿ ಮಕ್ಕಳನ್ನು ತರುವವರಿಗೆ ನಮ್ಮ ಕಥೆ ಹೇಳಿ ತಿರುಗಿಸಿ ಕಳಿಸಿದೆ. ಎಂಟು ಮನೆಯವರು ತಿರುಗಿ ಹೋದರು. ಒಂದು ರಾಜ್ಯೋತ್ಸವಕ್ಕೆ ಅವರಿಗೆ ಸನ್ಮಾನ ಎಂದು ಗೊತ್ತಾದಾಗ ಸಂಘದ ಕಾರ್ಯಕಾರಿ ಸಮಿತಿಯ ಹನ್ನೊಂದು ಜನರಿಗೂ ಬೇರೆ ಬೇರೆ ಪತ್ರ ಬರೆದೆ. ಆ ವರ್ಷದ ಶಾಲು ಹಾರ್ಮೋನಿಯಂ ರಿಪೇರಿ ಮಾಡುವವರೊಬ್ಬರ ಹೆಗಲಿಗೆ ಹೋಯಿತು. ಅವರಿಗೇ ಆಶ್ಚರ್ಯ. ನಾನು ಮುಂದಿನ ಸಾಲಿನಲ್ಲಿ ಕೂತು ಜೋರಾಗಿ ಚಪ್ಪಾಳೆ ತಟ್ಟಿದೆ.

ಅದೇ ಹೊತ್ತಿಗೆ ನನಗೆ ಒಳ್ಳೆಯ ಆಯುಧವೂ ಸಿಕ್ಕಿತು. ಆಟಿಸಂ ಕಾಯಿಲೆಯಲ್ಲ, ದೋಷವೂ ಅಲ್ಲ, ಅದು ಮಿದುಳಿನ ಇನ್ನೊಂದು ರೀತಿ, ಸರಿಪಡಿಸುವ ಹೆಸರಲ್ಲಿ ಮಕ್ಕಳನ್ನು ಹಿಂಸಿಸಬೇಡಿ ಎಂದು ಹೇಳುವ ತಂದೆತಾಯಿಗಳ ಗುಂಪೊಂದು ಪರಿಚಯವಾಯಿತು. ಅವರಲ್ಲಿ ಸ್ವತಃ ಆಟಿಸಂ ಇರುವ ದೊಡ್ಡವರೂ ಇದ್ದರು. ಅವರ ಮಾತು ನನಗೆ ಹಿಡಿಸಿತು. ನಿಜ ಹೇಳಬೇಕೆಂದರೆ ಅದು ಸತ್ಯವೆಂದು ಹಿಡಿಸಿದ್ದಕ್ಕಿಂತ ಅಕ್ಕೋರಿಗೆ ತಾಗುತ್ತದೆಂದು ಹಿಡಿಸಿತು. ಸಂಘದಲ್ಲಿ ಒಂದು ಭಾಷಣ ಏರ್ಪಾಟು ಮಾಡಿಸಿಕೊಂಡೆ. ನಂದಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು, “ನನ್ನ ಮಗಳಿಗೆ ಏನೂ ಆಗಿಲ್ಲ. ಅವಳು ಬೇರೆ, ಅಷ್ಟೇ. ಕೊರತೆ ಇರುವುದು ಅವಳನ್ನು ತಿದ್ದಲು ಹೊರಟವರಲ್ಲಿ” ಎಂದೆ. ಎರಡನೆಯ ಸಾಲಿನಲ್ಲಿ ಅಕ್ಕೋರು ಇದ್ದರು. ಇರಲಿ ಎಂದೇ ನಾನು ಆಮಂತ್ರಣ ಕಳಿಸಿದ್ದೆ.

ಪ್ರಶ್ನೆಗಳಿಗೆ ಅವಕಾಶ ಎಂದಾಗ ಅವರು ಎದ್ದು ನಿಂತರು. ಸೆರಗು ಸಿಕ್ಕಿಸಿದರು. “ಬ್ಯಾರೆ ಅನ್ನೂದು ಭಾಳ ಚಂದ ಮಾತು ಸಾಹೇಬ್ರ. ಬಸ್ಸಿನ್ಯಾಗಿನ ಮಂದಿಗೆ ಯಾವಾಗ ಹೇಳ್ತೀರಿ ಇದನ್ನ?” ಸಭೆ ನಕ್ಕಿತು. ನಾನು ವಂದನಾರ್ಪಣೆ ಮಾಡುವವರನ್ನು ಕರೆದೆ.

ಮುಗಿದ ಮೇಲೆ ಚಪ್ಪಲಿ ಬಿಟ್ಟ ಜಾಗದಲ್ಲಿ ಇಬ್ಬರೂ ಎದುರಾದೆವು. ಬಗ್ಗಿ ಚಪ್ಪಲಿಯ ಪಟ್ಟಿ ಹಾಕಿಕೊಳ್ಳುತ್ತ, ನನ್ನ ಮುಖ ನೋಡದೆ ಅವರು ಹೇಳಿದರು. “ನನ್ನ ತಮ್ಮ ಒಬ್ಬಾವ ಇದ್ದನ್ರೀ. ನಂದಾನಂಗ. ಬಳೆ ಸಪ್ಪಳ ಅಂದ್ರ ಜೀವ ಅವಗ. ಬಸ್ ಸ್ಟ್ಯಾಂಡಿನ್ಯಾಗ ಒಬ್ಬಾಕಿ ಕೈ ಹಿಡದು ಕಿವಿಗೆ ಹಚ್ಕೊಂಡ. ಮಂದಿ ಕೂಡಿ ಹೊಡದ್ರು. ಅವ ಬ್ಯಾರೆ ಅದಾನ ಅಂತ ಹೇಳಾಕ ನಾ ಓಡಿ ಬರೂದ್ರಾಗ ಒಂದು ಕಣ್ಣು ಹೋಗಿತ್ತು. ಆಮ್ಯಾಲೆ ಹದಿನೆಂಟು ವರ್ಷ ಅವ ಮನಿ ಬಿಟ್ಟು ಹೊರಗ ಬರಲಿಲ್ಲ. ಹಂಗ ಹೋದ.” ಚಪ್ಪಲಿ ಹಾಕಿಕೊಂಡು ನೆಟ್ಟಗೆ ನಿಂತು, ನಂದಾ ಎಲ್ಲಿ ಎಂದು ಕೇಳಿದರು. ಆಟೋ ತರಲು ತಾಯಿಯ ಜೊತೆ ಹೋಗಿದ್ದಾಳೆ ಎಂದೆ. “ಹೊಟ್ಟಿ ಈಗ ಆರಾಮಲ್ರಿ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದರು.

ಇದನ್ನು ಕೇಳಿ ನನ್ನ ಸಿಟ್ಟು ಇಳಿಯಬೇಕಿತ್ತು ಎಂದು ಓದುವವರಿಗೆ ಅನ್ನಿಸಬಹುದು. ಇಳಿಯಲಿಲ್ಲ. ತಮ್ಮನನ್ನು ಹೊಡೆದವರು ಯಾರೋ, ಅದಕ್ಕೆ ಕೈ ಕಟ್ಟಿಸಿಕೊಂಡವಳು ನನ್ನ ಮಗಳು. ಹೊಡೆಯುವ ಮಂದಿಯ ಕೈ ಕೆಳಗಿಳಿಸುವುದು ಬಿಟ್ಟು ಮಕ್ಕಳ ಕೈ ಕೆಳಗಿಳಿಸುತ್ತ ಕೂತರಲ್ಲ ಈಕೆ, ಮೂವತ್ತು ವರ್ಷ! ಅವರಿಗೆ ಕಾರಣವಿತ್ತು ಎಂದು ಗೊತ್ತಾದದ್ದು ನನಗೆ ಇನ್ನಷ್ಟು ಕಿರಿಕಿರಿಯಾಯಿತು, ಅಷ್ಟೇ. ದ್ವೇಷಿಸುವುದಕ್ಕೆ ಪೂರ್ತಿ ಕೆಟ್ಟವರು ಸಿಕ್ಕಿದ್ದರೆ ಎಷ್ಟು ಅನುಕೂಲವಾಗುತ್ತಿತ್ತು.

ಆ ದಿನ ಆಟೋದಲ್ಲಿ ನಂದಾ ತಾಯಿಯ ಆಚೆ ಹೋಗಿ ಕೂತಳು. ಮನೆಗೆ ಬಂದ ಮೇಲೆ, “ಅಪ್ಪಾ, ನಂಗ ಏನೂ ಆಗಿಲ್ಲ ಅಂತ ಮತ್ತ ಹೇಳಬ್ಯಾಡ” ಎಂದಳು. “ಕುಕ್ಕರ್ ಸೀಟಿ ಹೊಡದ್ರ ಹಲ್ಲಿನ್ಯಾಗ ನೋಯ್ತೈತಿ. ಮದವಿಗೆ ಹೋಗಿ ಬಂದ್ರ ಎರಡು ದಿನ ಏಳಾಕ ಆಗೂದಿಲ್ಲ. ಅದು ಬರೇ ಬ್ಯಾರೆ ಅಲ್ಲ, ತ್ರಾಸ ಐತಿ. ಅಕ್ಕೋರು ನಂಗ ತ್ರಾಸ ತೋರಿಸಬ್ಯಾಡ ಅಂದ್ರು. ನೀ ತ್ರಾಸ ಇಲ್ಲಂತೀ.” ಈಗ ಅವಳು ಶಂಶಾಬಾದಿನ ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ, ಹೊರದೇಶಕ್ಕೆ ಹೋಗುವ ಔಷಧಿ ಪೆಟ್ಟಿಗೆಗಳ ಕಾಗದಪತ್ರ ತಾಳೆ ನೋಡುತ್ತಾಳೆ. ಒಂದು ಅಂಕಿ ತಪ್ಪಿದ್ದರೂ ಅವಳ ಕಣ್ಣಿಂದ ತಪ್ಪಿಸಿಕೊಳ್ಳುವುದಿಲ್ಲ. ಅವಳಿಗೆ ಅಲ್ಲಿ ಟ್ಯೂಬ್‌ಲೈಟ್ ಇಲ್ಲದ ಒಂದು ಶಾಂತ ಖೋಲಿ ಕೊಟ್ಟಿದ್ದಾರೆ. ಡಿಸಾರ್ಡರ್ ಎಂದು ಬರೆದ ಕಾಗದ ತೋರಿಸಿದ್ದಕ್ಕೇ ಅದನ್ನು ಕೊಟ್ಟದ್ದು. ಆ ಖೋಲಿಯಲ್ಲಿ ಅವಳು ಮತ್ತೆ ‘ಊಂ’ ಎನ್ನುತ್ತಾಳಂತೆ. ನಾನು ಕೇಳಿಲ್ಲ.

ಇಲ್ಲಿಯವರೆಗೆ ಬರೆದು, ಕಳೆದ ಭಾನುವಾರ ಮಧ್ಯಾಹ್ನ ಅವಳ ಮುಂದೆ ಓದಿದೆ. ಅವಳ ಜೀವದ ಕಥೆ, ಅವಳು ಬೇಡ ಎಂದರೆ ನನ್ನ ಸೇಡು ಅಲ್ಲಿಗೇ ನಿಂತಂತೆ. ಅವಳು ಕಿಟಕಿಯ ಹೊರಗೆ ನೋಡುತ್ತ ಪೂರ್ತಿ ಕೇಳಿದಳು. ಚೆನ್ನಾಗಿ ಬಂದಿದೆ ಅನ್ನುವ ನಂಬಿಕೆ ನನಗಿತ್ತು.

“ಫೋಟೊ ಕೊಡಬ್ಯಾಡ” ಎಂದಳು. “ಅದರಾಗ ನಾ ನಗಾಕತ್ತಿಲ್ಲ, ಹಲ್ಲು ತೋರಿಸಾಕತ್ತೀನಿ. ಇದನ್ನ ಬೇಕಾದ್ರ ಕೊಡು. ಆದ್ರ ಪೂರಾ ಬರಿ.”

“ಪೂರಾ ಬರದೀನವ್ವಾ.”

“ಮನ್ಯಾಗ ಅಭ್ಯಾಸ ನಡೀತು ಅಂತ ಬರದಿ. ಯಾರು ನಡಿಸಿದ್ರು?” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಕಾಗದ ತಾಳೆ ನೋಡುವಾಗ ಹೀಗೇ ಮಾತಾಡುತ್ತಾಳೇನೋ. “ಅಕ್ಕೋರು ವಾರಕ್ಕ ಮೂರು ತಾಸು. ನೀ ಕಾರ್ಖಾನಿಯಿಂದ ಬಂದು ದಿನಾ ಎರಡು ತಾಸು, ಸೂಟಿ ಇದ್ದ ದಿನ ಮುಂಜಾನಿಂದ. ಅಕ್ಕೋರು ಒಂದು ಸಲ ಎಲ್ಲಾರನ್ನೂ ಕರದು ಮೀಟಿಂಗ್ ಮಾಡಿದ್ರು. ನೀ ನೀಲಿ ಗೀಟಿನ ಅಂಗಿ ಹಾಕ್ಕೊಂಡಿದ್ದಿ, ನಾ ಮೇಜಿನ ಕೆಳಗ ಇದ್ದೆ. ಮನ್ಯಾಗ ಬ್ಯಾಡ್ರಿ, ಇದು ಹೊರಗಿನ ಮಂದಿಗೆ ಅಷ್ಟ, ಮನ್ಯಾಗ ಅವು ಹೆಂಗ ಬೇಕೋ ಹಂಗ ಇರ್ಲಿ, ಇಲ್ಲಂದ್ರ ಎಲ್ಲಿ ಉಸರಾಡಬೇಕು ಅಂದ್ರು. ನೀ ಎದ್ದು ನಿಂತು, ಮನ್ಯಾಗ ಬಿಟ್ರ ಕಲ್ತದ್ದೆಲ್ಲಾ ಮರೀತಾಳ ಅಂದಿ.”

ನನಗೆ ಆ ಮೀಟಿಂಗು ನೆನಪಿತ್ತು. ನೀಲಿ ಗೀಟಿನ ಅಂಗಿಯೂ ನೆನಪಿತ್ತು.

“ಆಪರೇಷನ್ ದಿನದ್ದೂ ಪೂರಾ ಬರದಿಲ್ಲ. ಉಪ್ಪಿಟ್ಟು ಅರ್ಧ ತಿಂದೆ ಅಂತ ಬರದಿ. ಯಾಕ ಅರ್ಧ? ಹೊಟ್ಟಿ ನೋಯಾಕತ್ತಿತ್ತು. ಮಾತು ಹೊಂದಿಸಾಕ ಆಗಲಿಲ್ಲ. ಕೈ ಮ್ಯಾಲೆ ಬಂತು, ಊಂ ಅಂದೆ. ಅವ್ವ ಜಳಕಕ್ಕ ಹೋಗಿದ್ಲು. ನೀ ಪೇಪರ್ ಓದಾಕತ್ತಿದ್ದಿ. ತಲಿ ಎತ್ತಲಿಲ್ಲ. ಕೈ ಕೆಳಗ ಅಂದಿ.”

ಹೌದು. ಅಂದಿದ್ದೆ. ಬಸ್ಸಿಗೆ ಹೊತ್ತಾಗಿತ್ತು. ಅವಳ ಮುಖವನ್ನು ನಾನು ನೋಡಿರಲಿಲ್ಲ. ಆಸ್ಪತ್ರೆಯ ಆ ಮೂರು ದಿನ ನನ್ನ ತಲೆಯಲ್ಲಿ ತಿರುಗುತ್ತಿದ್ದದ್ದು ಆ ಎರಡು ಮಾತೇ. ಕೆಳಗಿಳಿದು ಅಕ್ಕೋರ ಮೇಲೆ ಕೂಗಾಡಿದ್ದೂ ಅದರಿಂದಲೇ. ‘ಮನ್ಯಾಗ ಬ್ಯಾಡ ಅಂತ ನಾ ಹೇಳಿದ್ನೆಲ್ರಿ’ ಎಂದು ಅಕ್ಕೋರು ಅಲ್ಲಿ, ಅಷ್ಟು ಜನರ ಎದುರು, ಒಂದೇ ವಾಕ್ಯ ಹೇಳಿದ್ದರೆ ನಾನು ನೆಲಕ್ಕಿಳಿಯುತ್ತಿದ್ದೆ. ಬಾಯಿ ತೆರೆದವರು ನನ್ನ ಮುಖ ನೋಡಿ ‘ಹೌದ್ರಿ’ ಎಂದು ಎಲ್ಲವನ್ನೂ ತಮ್ಮ ಮೇಲೆ ಹಾಕಿಕೊಂಡು ಹೋದರು. ಏಳು ವರ್ಷ, ಎಂಟು ಮನೆ, ಹನ್ನೊಂದು ಪತ್ರ, ಒಂದು ಶಾಲು. ಒಮ್ಮೆಯೂ ಅವರು ಆ ವಾಕ್ಯ ಹೇಳಲಿಲ್ಲ. ಅವರು ಹೇಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಇಷ್ಟು ಧೈರ್ಯ ಬಂದಿತ್ತು.

ಕಾಗದಗಳನ್ನು ಮಡಚಿ ಇಟ್ಟೆ. ಕೇಳಿದೆ, “ಅಕ್ಕೋರ ಮ್ಯಾಲೆ ನಿನಗ ಸಿಟ್ಟಿಲ್ಲೇನು?”

ಅವಳು ಯೋಚಿಸಿದಳು. ಏನು ಕೇಳಿದರೂ ಯೋಚಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳುವವಳು. “ಐತಿ. ವಾರಕ್ಕ ಮೂರು ತಾಸಿನಷ್ಟು ಐತಿ.”

“ನನ್ನ ಮ್ಯಾಲೆ?”

“ಉಳದದ್ದು.”

ಮಡಚಿಟ್ಟ ಕಾಗದಗಳನ್ನು ಬಿಚ್ಚಿ ನನ್ನ ಮುಂದೆ ಇಟ್ಟಳು. “ಇದನ್ನೂ ಬರಿ” ಎಂದಳು.